ಅಡಿಕೆ ಒಲೆಯ ಬಿಸಿಯಿಂದ ಕರೆಂಟ್: ಪ್ಲೇಟ್ ಬದಲಿಸಿದರೆ ಆಗುತ್ತಾ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ. ಕೊಯ್ಲು ಶುರುವಾದರೆ ಅಡಿಕೆ ಸುಲಿಯುವುದು ರಾತ್ರಿವರೆಗೂ ನಡೆಯುತ್ತದೆ, ಸರಿಯಾಗಿ ಆಗಲೇ ಕರೆಂಟ್ ಹೋಗುತ್ತದೆ. ಎದುರಿಗೆ ಮೆಟ್ಟುಗತ್ತಿ, ಸುತ್ತ ಕತ್ತಲೆ. ಪಕ್ಕದಲ್ಲೇ ಅಡಿಕೆ ಬೇಯಿಸುವ ಒಲೆ ಧಗಧಗ ಉರಿಯುತ್ತಿರುತ್ತದೆ. ಆ ಬಿಸಿಯಿಂದ ಒಂದೆರಡು ಎಲ್‌ಇಡಿ ಉರಿಸೋಣ ಅಂತ ಟಿಇಸಿ1-12706 ಪೆಲ್ಟಿಯರ್ ಪ್ಲೇಟ್ ತರಿಸಿದೆ. ಇದರ ಒಂದು ಮುಖ ಬಿಸಿ, ಇನ್ನೊಂದು ತಂಪಾಗಿದ್ದರೆ ಆ ವ್ಯತ್ಯಾಸದಿಂದ ಕರೆಂಟ್ ಬರುತ್ತದೆ. ಒಲೆಯ ಕಬ್ಬಿಣದ ತಗಡಿಗೆ ಒಂದು ಮುಖ, ಇನ್ನೊಂದಕ್ಕೆ ಬಿಸಿ ಹೊರಹಾಕಲಿಕ್ಕೆ ಹಳೇ ಕಂಪ್ಯೂಟರಿನ ಅಲ್ಯೂಮಿನಿಯಂ ಹೀಟ್‌ಸಿಂಕ್. ಮೊದಲು 2.1 ವೋಲ್ಟ್ ಬಂತು. ಹತ್ತು ನಿಮಿಷಕ್ಕೆ 0.6! ಬಿಸಿ ಸಾಲದು ಅಂತ ಬೆಂಕಿಯ ಹತ್ತಿರ ಸರಿಸಿದೆ, ಪೂರ್ತಿ ಸತ್ತೇ ಹೋಯಿತು. ಬಿಚ್ಚಿದರೆ ಒಳಗಿನ ಚೂರುಗಳು ಜಾರಿ ಬಿದ್ದಿದ್ದವು. ಈಗ ಹೊಸ ಹೊಸ ವಸ್ತು ಬಂದಿದೆಯಂತೆ. ಅಂಥ ಪ್ಲೇಟ್ ಸಿಗುತ್ತಾ?

ಬಿಲ್ಲೆಭಟ್ಟ:
ನಾಲ್ಕು ವರ್ಷ ಲ್ಯಾಬಿನಲ್ಲಿ ಇಂಥ ಪ್ಲೇಟಿನ ಒಳಗಿನ ವಸ್ತುವಿನ ಪುಡಿ ಅರೆದು ಬಿಲ್ಲೆ ಒತ್ತಿದವನು ನಾನು. ನಿಮ್ಮ ಪ್ಲೇಟ್ ಸತ್ತಿದ್ದು ಬೆಸುಗೆ ಕರಗಿ. ಅದು ಕರೆಂಟ್ ಕೊಟ್ಟು ತಂಪು ಮಾಡಲಿಕ್ಕೆ ಮಾಡಿದ್ದು. ಅಂಥವುಗಳಲ್ಲಿ ಹಾಕುವ ಬೆಸುಗೆ ಸಾಮಾನ್ಯವಾಗಿ 138 ಡಿಗ್ರಿಗೇ ಕರಗುತ್ತದೆ.

ವಸ್ತುವಿನ ಕಥೆ ಹೀಗೆ. ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯಬೇಕು, ಬಿಸಿ ಮಾತ್ರ ಹರಿಯಬಾರದು. ತಾಮ್ರದಲ್ಲಿ ಎರಡೂ ಹರಿಯುತ್ತವೆ, ಗಾಜಿನಲ್ಲಿ ಕರೆಂಟೇ ಇಲ್ಲ. ಈ ಜಗಳ ಬಿಡಿಸುವುದರಲ್ಲೇ ನಮ್ಮ ಆಯುಷ್ಯ ಹೋಗುತ್ತದೆ! ವಸ್ತು ಎಷ್ಟು ಒಳ್ಳೆಯದು ಅನ್ನುವುದಕ್ಕೆ ಝಡ್‌ಟಿ ಅಂತ ಒಂದು ಅಳತೆ ಇದೆ. ನಿಮ್ಮ ಪ್ಲೇಟಿನ ಬಿಸ್ಮತ್ ಟೆಲ್ಯುರೈಡಿಗೆ ಅದು ಸುಮಾರು 1. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರ ತಂಡ 2021ರಲ್ಲಿ 300 ಡಿಗ್ರಿಯಲ್ಲಿ 2.6 ತೋರಿಸಿತು. ಬೆಳ್ಳಿ, ಆಂಟಿಮನಿ, ಟೆಲ್ಯುರಿಯಂ ಸೇರಿದ ವಸ್ತು ಅದು. ಅದರಲ್ಲಿ ಬೆಳ್ಳಿ, ಆಂಟಿಮನಿ ಪರಮಾಣುಗಳು ಬಸ್ಸಿನಲ್ಲಿ ಸಿಕ್ಕ ಸೀಟಿಗೆ ಕೂತ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಚೂರು ಕ್ಯಾಡ್ಮಿಯಂ ಬೆರೆಸಿದರೆ ಅಲ್ಲಲ್ಲಿ ಸಾಲಾಗಿ ಕೂರುತ್ತವೆ. ಎಲೆಕ್ಟ್ರಾನಿಗೆ ದಾರಿ ಸುಗಮ. ಆದರೆ ಆ ಪುಟ್ಟ ಪುಟ್ಟ ಗುಂಪುಗಳು ಬಿಸಿಗೆ ಅಡ್ಡ ನಿಲ್ಲುತ್ತವೆ.

ಆದರೆ ಲ್ಯಾಬಿನ ಬಿಲ್ಲೆಯೇ ಬೇರೆ, ಅಂಗಡಿಯ ಪ್ಲೇಟೇ ಬೇರೆ. ನೂರಾರು ಚೂರುಗಳನ್ನು ಜೋಡಿಸಬೇಕು, ಒಂದೊಂದು ಬೆಸುಗೆಯಲ್ಲೂ ನಷ್ಟ. ಟೆಲ್ಯುರಿಯಂ ಬೇರೆ ಅಪರೂಪದ್ದು. ಹಾಗಾಗಿ ಅದಕ್ಕೆ ಕಾಯಬೇಡಿ.

ನಿಮ್ಮ ತೊಂದರೆ ಬಿಸಿ ಕಡೆ ಅಲ್ಲ ಮಾರಾಯ್ರೆ, ತಂಪು ಕಡೆ. ಹೀಟ್‌ಸಿಂಕೂ ಕಾದಿತು, ವ್ಯತ್ಯಾಸ ಹೋಯಿತು. ವ್ಯತ್ಯಾಸ ಅರ್ಧಕ್ಕೆ ಇಳಿದರೆ ವ್ಯಾಟ್ ಕಾಲು ಭಾಗಕ್ಕೆ ಇಳಿಯುತ್ತದೆ. ಆ ಕಡೆಗೆ ಚಪ್ಪಟೆ ಅಲ್ಯೂಮಿನಿಯಂ ಡಬ್ಬಿಯಲ್ಲಿ ನೀರು ಇಡಿ. ಅಡಿಕೆ ಹಂಡೆಗೆ ಮಾತ್ರ ಅಂಟಿಸಬೇಡಿ, ಅಲ್ಲಿ ಚೊಗರು (ಅಡಿಕೆ ಬೇಯಿಸುವ ನೀರು) ಕುದಿಯುತ್ತಿರುತ್ತದೆ. ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ, ಗಟ್ಟಿಯಾಗಿ ಬಿಗಿಯಿರಿ.

ರಿಪೇರಿ ಅಂಗಡಿ:
2 ವೋಲ್ಟ್ ಅಂತ ಖುಷಿ ಪಡಬೇಡಿ, ಲೋಡ್ ಕೊಟ್ಟ ತಕ್ಷಣ ಅರ್ಧ ಆಗುತ್ತದೆ. ಬಿಳಿ ಎಲ್‌ಇಡಿಗೆ 3 ವೋಲ್ಟ್ ಬೇಕು. ಎರಡು ಪ್ಲೇಟ್ ಸೀರೀಸ್ ಮಾಡಿ, ವೋಲ್ಟ್ ಏರಿಸುವ ಒಂದು ಬೂಸ್ಟ್ ಕನ್ವರ್ಟರ್ ಹಾಕಿ. ನಿಜ ಹೇಳಬೇಕಂದ್ರೆ ಸಣ್ಣ ಸೋಲಾರ್ ಪ್ಯಾನೆಲ್, ಬ್ಯಾಟರಿ ತಗೊಂಡ್ರೆ ಇಷ್ಟೆಲ್ಲ ರಗಳೆಯೇ ಇಲ್ಲ.

ಬಿಲ್ಲೆಭಟ್ಟ:
ಖರ್ಚಿನ ಲೆಕ್ಕದಲ್ಲಿ ಅವರು ಹೇಳಿದ್ದೇ ಸರಿ. ಬಿಸಿಲು ಇಲ್ಲದ ಕಡೆ ಇದಕ್ಕೆ ಬೆಲೆ. 1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳಿಗೆ ಕರೆಂಟ್ ಕೊಡುವುದು ಪ್ಲುಟೋನಿಯಂ ಬಿಸಿ ಮತ್ತು ಸಿಲಿಕಾನ್-ಜರ್ಮೇನಿಯಂ ಚೂರುಗಳು. ತಿರುಗುವ ಭಾಗ ಒಂದೂ ಇಲ್ಲ, ಕೆಡುವುದೇನು?

ತೋಟದಮನೆ:
ಸೋಲಾರ್ ಇದೆ ಸರ್, ಆದರೆ ಹಟ ಬಂದುಬಿಟ್ಟಿದೆ. ನಿನ್ನೆ ಎರಡು ಪ್ಲೇಟ್, ನೀರಿನ ಡಬ್ಬಿ, ಬೂಸ್ಟರ್ ಹಾಕಿದೆ. ಮುಕ್ಕಾಲು ಗಂಟೆ ಎಲ್‌ಇಡಿ ಉರಿಯಿತು. ಆಮೇಲೆ ಮಂಕಾಯಿತು. ಡಬ್ಬಿ ನೀರು ಕಾದಿತ್ತು, ಅಮ್ಮ ಅದನ್ನು ಚೊಗರು ಹತ್ತಿದ ಕೈ ತೊಳೆಯಲಿಕ್ಕೆ ತಗೊಂಡು ಹೋದರು. ತಣ್ಣೀರು ತುಂಬಿದೆ, ಮತ್ತೆ ಉರಿಯಿತು.