ಟಿಐಪಿಸಿ: ಅದೇ ಯಂತ್ರದಲ್ಲಿ ಕನೆಕ್ಟ್ ಆಗುತ್ತದೆ, ಪಕ್ಕದ ಯಂತ್ರದಿಂದ ಆಗಲ್ಲ

ಪ್ರಶ್ನೆ: ನಮಸ್ಕಾರ ಸರ್. ಊರು ಧಾರವಾಡ, ಕೆಲಸ ಪುಣೆಯ ಹಿಂಜೆವಾಡಿಯಲ್ಲಿ. ಲಿನಕ್ಸ್‌ನ ಟಿಐಪಿಸಿಗೆ (TIPC, ಒಂದು ಕ್ಲಸ್ಟರ್ ಅಂದರೆ ಜೋಡಿಸಿದ ಯಂತ್ರಗಳ ಗುಂಪಿನಲ್ಲಿ ಪ್ರೋಗ್ರಾಮ್‌ಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಮೊದಲ ಸಲ ಕೈ ಹಾಕಿದ್ದೇನೆ. ಸರ್ವರನ್ನು ಟೈಪ್ 18888, ಇನ್‌ಸ್ಟನ್ಸ್ 17ಕ್ಕೆ ಬೈಂಡ್ ಮಾಡಿದೆ, ಅಂದರೆ ಆ ಹೆಸರಿಗೆ ಕಟ್ಟಿದೆ. ಅದೇ ಯಂತ್ರದಿಂದ ಕ್ಲೈಂಟ್ ಕನೆಕ್ಟ್ ಆಗುತ್ತದೆ, ಪಕ್ಕದ ಯಂತ್ರದಿಂದ ಇಲ್ಲ. ಪಿಂಗ್ ಸರಿ ಇದೆ. ಐಪಿ ಎಲ್ಲಿ ಕೊಡಬೇಕು?

ಉತ್ತರ: ಐಪಿ ಎಲ್ಲೂ ಕೊಡುವುದಿಲ್ಲ ಮಾರಾಯ್ರೆ. ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೋದಾಗ ನಾವು ಕೇಳುವುದು "ಬೆಳಗಾವಿ ಬಸ್ ಎಲ್ಲಿ?" ಅಂತ. ಪ್ಲಾಟ್‌ಫಾರ್ಮ್ ನಂಬರ್ ಯಾರು ನೆನಪಿಟ್ಟಿರುತ್ತಾರೆ? ಇಲ್ಲೂ ಹಾಗೆ. ಟೈಪ್ ಅಂದರೆ ಯಾವ ಸೇವೆ, ಇನ್‌ಸ್ಟನ್ಸ್ ಅಂದರೆ ಅದರಲ್ಲಿ ಎಷ್ಟನೆಯದು. ಅದು ಯಾವ ನೋಡ್‌ನಲ್ಲಿ (ಯಂತ್ರದಲ್ಲಿ), ಯಾವ ಪೋರ್ಟ್‌ನಲ್ಲಿ ಕೂತಿದೆ ಎಂದು ಕರ್ನಲ್ ತನ್ನ ನೇಮ್ ಟೇಬಲ್ ನೋಡಿ ತಿಳಿದುಕೊಳ್ಳುತ್ತದೆ.

ಪಿಂಗ್ ನಂಬಬೇಡಿ. ಈಥರ್ನೆಟ್ ಬೇರರ್ (ಸಂದೇಶ ಸಾಗಿಸುವ ದಾರಿ) ಮೇಲೆ ಟಿಐಪಿಸಿಗೆ ಐಪಿಯ ಹಂಗೇ ಇಲ್ಲ. ಎರಡೂ ಕಡೆ 'ಟಿಐಪಿಸಿ ಲಿಂಕ್ ಲಿಸ್ಟ್' ಕೊಟ್ಟು ನೋಡಿ. ಲಿಂಕ್ ಅಪ್ ಇದ್ದರೆ 'ಟಿಐಪಿಸಿ ನೇಮ್‌ಟೇಬಲ್ ಶೋ' ಕೊಡಿ, ಸ್ಕೋಪ್ ಕಾಲಂ ಏನು ಹೇಳುತ್ತದೆ? ನನಗೆ ಅನುಮಾನ ಅಲ್ಲೇ. ಬೈಂಡ್ ಮಾಡುವಾಗ ಸ್ಕೋಪ್ 3 ಅಂದರೆ ಆ ನೋಡ್‌ಗೆ ಮಾತ್ರ, 2 ಅಂದರೆ ಇಡೀ ಕ್ಲಸ್ಟರ್‌ಗೆ.

ಪ್ರಶ್ನೆ: 3 ಇತ್ತು ಸರ್! ಯಾವುದೋ ಹಳೇ ಕೋಡ್‌ನಿಂದ ಕಾಪಿ ಮಾಡಿದ್ದೆ. 2 ಹಾಕಿದ ತಕ್ಷಣ ಕನೆಕ್ಟ್ ಆಯಿತು. ಆದರೆ ಇನ್ನೊಂದು ವಿಚಿತ್ರ. ಎರಡನೇ ಸರ್ವರೂ ಅದೇ 17ಕ್ಕೆ ಸುಮ್ನೆ ಬೈಂಡ್ ಆಗಿಬಿಟ್ಟಿತು. ಟಿಸಿಪಿಯಾದರೆ ವಿಳಾಸ ಬಳಕೆಯಲ್ಲಿದೆ ಎಂದು ಬೈಯುತ್ತಿತ್ತು, ಅಲ್ವಾ?

ಉತ್ತರ: ಅದು ಬಗ್ ಅಲ್ಲ, ಇದರ ಸೊಗಸೇ ಅದು. ಒಂದೇ ಹೆಸರಿಗೆ (ಟೈಪ್, ಇನ್‌ಸ್ಟನ್ಸ್ ಜೋಡಿ) ಎಷ್ಟು ಸಾಕೆಟ್ (ಪ್ರೋಗ್ರಾಮ್‌ನ ಸಂಪರ್ಕ ತುದಿ) ಬೇಕಾದರೂ ಬೈಂಡ್ ಆಗಬಹುದು. ಹೊಸ ಕನೆಕ್ಟ್‌ಗಳು ಅವುಗಳ ನಡುವೆ ಹಂಚಿಹೋಗುತ್ತವೆ. ಕನೆಕ್ಟ್ ಆದ ಮೇಲೆ ಮಾತ್ರ ಕೊನೆಯವರೆಗೂ ಆ ಒಂದೇ ಸಾಕೆಟ್. ಅದು ಸತ್ತರೆ ಕನೆಕ್ಷನ್ ಮುರಿಯುತ್ತದೆ, ತಾನಾಗಿ ಇನ್ನೊಂದಕ್ಕೆ ಹೋಗಲ್ಲ. ನೀವೇ ಮತ್ತೆ ಕನೆಕ್ಟ್ ಮಾಡಬೇಕು, ಆಗ ಸಿಗುವುದು ಬೇರೆ ಸರ್ವರ್ ಇರಬಹುದು. ಹಾಗಾಗಿ ಲಾಗಿನ್ ವಿವರ ಒಂದೇ ಸರ್ವರ್‌ನ ಮೆಮೊರಿಯಲ್ಲಿದ್ದರೆ ಪೇಚಾಟ. ಆಗ ಒಂದಕ್ಕೆ 17, ಇನ್ನೊಂದಕ್ಕೆ 18 ಕೊಡಿ. ಟೈಪ್ ಮಾತ್ರ 0ರಿಂದ 63ರವರೆಗೆ ಮುಟ್ಟಬೇಡಿ, ಅವು ಟಿಐಪಿಸಿಗೇ ಮೀಸಲು.

ಇನ್ನೊಂದು ಮಾತು. ಸರ್ವರ್ ಏಳುವ ಮೊದಲೇ ಕ್ಲೈಂಟ್ ಓಡಿದರೆ ಕನೆಕ್ಟ್ ಸೋಲುತ್ತದೆ. ನಾನು ಶುರುವಿನಲ್ಲಿ ಲೂಪ್‌ನಲ್ಲಿ 5 ಸೆಕೆಂಡ್ ಸ್ಲೀಪ್ ಹಾಕಿ ರಿವ್ಯೂನಲ್ಲಿ ಬೈಸಿಕೊಂಡಿದ್ದೆ. ಅದರ ಬದಲು ಟಿಐಪಿಸಿಯದೇ ಆದ ಟೈಪ್ 1ರ ಟೋಪಾಲಜಿ ಸೇವೆಗೆ (ಯಾವ ಹೆಸರು ಬಂತು, ಹೋಯಿತು ಎಂದು ತಿಳಿಸುವುದು) ಕನೆಕ್ಟ್ ಆಗಿ 18888ಕ್ಕೆ ಸಬ್‌ಸ್ಕ್ರೈಬ್ ಮಾಡಿ. ಸರ್ವರ್ ಬೈಂಡ್ ಆದ ಗಳಿಗೆಯಲ್ಲೇ ನಿಮಗೆ ಸುದ್ದಿ ಬರುತ್ತದೆ, ಹೋದಾಗಲೂ ಬರುತ್ತದೆ.