ಟಾರ್ಚಿಗೆ ಒಂದು ಹಳೇದು, ಒಂದು ಹೊಸ ಸೆಲ್ ಹಾಕಬಹುದಾ?

ಪ್ರಶ್ನೆ (ಚನ್ನಗಿರಿ): ರಾತ್ರಿ ಅಡಿಕೆ ತೋಟಕ್ಕೆ ಒಯ್ಯೋ ಟಾರ್ಚಲ್ಲಿ ಎರಡು 18650 ಸೈಜಿನ ರೀಚಾರ್ಜ್ ಲಿಥಿಯಂ ಸೆಲ್ ಸೀರೀಸಲ್ಲಿ (ಒಂದರ ಹಿಂದೆ ಒಂದು) ಇವೆ. ಕೆಟ್ಟಿರೋ ಒಂದನ್ನೇ ಬದಲಾಯಿಸಿದರೆ ಸಾಕಾ?

ಉತ್ತರ: ಬೇಡ ಅಣ್ಣ, ಜೋಡಿಯಾಗೇ ಬದಲಾಯಿಸಿ. ಸೀರೀಸಲ್ಲಿ ಎರಡರಲ್ಲೂ ಒಂದೇ ಕರೆಂಟ್ ಹರಿಯುತ್ತೆ. ಹಳೇದು ಮೊದಲು ಖಾಲಿಯಾದರೂ ಹೊಸದು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತೆ. 2.5 ವೋಲ್ಟ್‌ಗಿಂತ ತೀರಾ ಕೆಳಗಿಳಿದರೆ ಒಳಗಿನ ತಾಮ್ರ ಕರಗುತ್ತೆ. ಆಮೇಲೆ ಚಾರ್ಜಿಗಿಟ್ಟಾಗ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಉತ್ತರ (ದಾವಣಗೆರೆ): ಚಾರ್ಜಿಂಗಲ್ಲೂ ಅಪಾಯ ಇದೆ. ಬ್ಯಾಲೆನ್ಸ್ ಇಲ್ಲದ (ಎರಡೂ ಸೆಲ್ಲನ್ನ ಸಮ ಮಾಡದ) 8.4 ವೋಲ್ಟ್ ಚಾರ್ಜರ್ ಎರಡರ ಒಟ್ಟು ವೋಲ್ಟ್ ಮಾತ್ರ ನೋಡುತ್ತೆ, ಒಂದು 4.0ರಲ್ಲಿದ್ದರೆ ಇನ್ನೊಂದು 4.4ಕ್ಕೆ ಏರುತ್ತೆ. ಸೆಲ್ಲನ್ನ ಬಿಡಿಬಿಡಿಯಾಗಿ ತುಂಬಿಸೋ ಚಾರ್ಜರಲ್ಲಿ ಒಂದೊಂದನ್ನೂ 4.2ಕ್ಕೆ ತುಂಬಿಸಿ, ಮಲ್ಟಿಮೀಟರಲ್ಲಿ ನೋಡಿ. 0.05 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಜೋಡಿ ಮಾಡಬೇಡಿ. ಸೆಲ್ ಮೇಲೆ ‘9900 ಎಂಎಎಚ್’ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಬರೆದಿದ್ದರೆ ಶುದ್ಧ ಸುಳ್ಳು, ಒಳ್ಳೇ ಸೆಲ್ ಇರೋದೇ ಸುಮಾರು 3500.

ಉತ್ತರ: ಪ್ಲಾಸ್ಟಿಕ್ ಹೊದಿಕೆ ಹರಿದಿದ್ದನ್ನ ಹಾಕಲೇಬೇಡಿ. ಸೆಲ್ಲಿನ ಲೋಹದ ಮೈಯೆಲ್ಲ ಮೈನಸ್, ಪ್ಲಸ್ ತುದಿಗೆ ತಾಗಿದರೆ ಶಾರ್ಟ್ ಆಗುತ್ತೆ.