ಟೈಲ್ಸ್ ಹುಡುಗನ ಹಾರ್ಟ್ ಆಪರೇಷನ್: ದುಡ್ಡು ಹಾಕುವ ಮುಂಚೆ ಪೂರ್ತಿ ಓದಿ

3ನೇ ಕ್ರಾಸ್, ಮೂಲೆ ಮನೆ
ನಮ್ಮ ಬಡಾವಣೆ ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಸೈಟ್‌ನಲ್ಲಿ ಟೈಲ್ಸ್ ಹಾಕುವ ಬಿಹಾರದ ಹುಡುಗ, 22 ವರ್ಷ. ಒಂದು ಬಾಕ್ಸ್ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾನೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿಯೆಲ್ಲ ಶೆಡ್‌ನಲ್ಲಿ ಸಿಮೆಂಟ್ ಮೂಟೆಗೆ ಒರಗಿಕೊಂಡೇ ನಿದ್ದೆ. ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಹೃದಯದೊಳಗಿನ ಮೈಟ್ರಲ್ ವಾಲ್ವ್ (ಕವಾಟ) ಕಿರಿದಾಗಿದೆ, ಕ್ಯಾಲ್ಸಿಯಂ ಕಟ್ಟಿದೆ. ಬಲೂನ್ ಹಾಕಿ ಅಗಲ ಮಾಡೋಕಾಗಲ್ಲ, ವಾಲ್ವೇ ಬದಲಿಸಬೇಕಂತೆ. ಖಾಸಗಿ ಆಸ್ಪತ್ರೆಯವರು ಮೂರೂವರೆ ಲಕ್ಷ ಅಂದಿದ್ದಾರೆ. ಮನೆಗೆ ಎರಡು ಸಾವಿರ ಹಾಕೋಣವಾ?

5ನೇ ಕ್ರಾಸ್, ನಿವೃತ್ತ ನರ್ಸ್
ಸ್ವಲ್ಪ ತಾಳಿ. ಊರಿನ ಆಯುಷ್ಮಾನ್ ಕಾರ್ಡ್ ಇದೆಯಾ ಕೇಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ. ಬಿಹಾರದ ಕಾರ್ಡ್ ಬೆಂಗಳೂರಲ್ಲೂ ನಡೆಯುತ್ತದೆ, ಯೋಜನೆಗೆ ಸೇರಿದ ಆಸ್ಪತ್ರೆ ಆಗಿರಬೇಕು ಅಷ್ಟೆ. ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ವಿಚಾರಿಸಿ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಉಚಿತ, ಆದರೆ ಸರದಿ ಕಾಯಬೇಕು.

2ನೇ ಮೇನ್
ಹಾಗಾದ್ರೆ ದುಡ್ಡೇ ಬೇಡ್ವಾ ಮೇಡಂ?

5ನೇ ಕ್ರಾಸ್, ನಿವೃತ್ತ ನರ್ಸ್
ಬೇಕು, ಆಮೇಲಕ್ಕೆ. ಲೋಹದ ವಾಲ್ವ್ ಹಾಕಿದರೆ ರಕ್ತ ಹೆಪ್ಪುಗಟ್ಟದ ಮಾತ್ರೆ ಜೀವನಪೂರ್ತಿ. ಅದಕ್ಕೆ ಆಗಾಗ ಐಎನ್‌ಆರ್ ಟೆಸ್ಟ್, ಅಂದ್ರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡೋದು. ಕೆಲವು ತಿಂಗಳು ಭಾರ ಎತ್ತುವ ಹಾಗಿಲ್ಲ, ಅಂದ್ರೆ ಕೂಲಿ ಇಲ್ಲ. ಆಪರೇಷನ್ ಆದ ಹುಡುಗನನ್ನ ಮತ್ತೆ ಅದೇ ಶೆಡ್‌ಗೆ ಕಳಿಸ್ತೀರಾ? ಒಂದು ರೂಮು, ಊಟ, ಮಾತ್ರೆ, ಇದಕ್ಕೆ ಕೂಡಿಸಿ.

ಸಂಘದ ಖಜಾಂಚಿ
ಯಾರ ಸ್ವಂತ ನಂಬರ್‌ಗೂ ಫೋನ್‌ಪೇ ಬೇಡ. ಸಂಘದ ಖಾತೆಗೆ ಹಾಕಿ, ಬಿಲ್‌ಗಳನ್ನು ಇಲ್ಲೇ ಹಾಕುತ್ತೇನೆ. ದಯವಿಟ್ಟು ಹುಡುಗನ ಫೋಟೋ ಬೇರೆ ಗುಂಪುಗಳಿಗೆ ಕಳಿಸಬೇಡಿ. ಶುಭೋದಯದ ಹೂವುಗಳೂ ನಾಲ್ಕು ದಿನ ರಜೆ ತಗೊಳ್ಳಲಿ.

1ನೇ ಕ್ರಾಸ್
ರಕ್ತ ಕೇಳ್ತಾರೆ. ಹಿಂದಿನ ಸಲ ಕೊಟ್ಟು ಗಂಡಸರಿಗೆ 3 ತಿಂಗಳು, ಹೆಂಗಸರಿಗೆ 4 ತಿಂಗಳು ಆಗಿರಬೇಕು. ನಾನು ಮತ್ತು ಮಗಳು ರೆಡಿ.

6ನೇ ಕ್ರಾಸ್
ಕೆಲಸ ಮಾಡಿಸಿಕೊಂಡವರು ಕೊಡಬೇಕಾದ್ದು. ನಾವ್ಯಾಕೆ?

3ನೇ ಕ್ರಾಸ್, ಮೂಲೆ ಮನೆ
ನ್ಯಾಯವಾದ ಪ್ರಶ್ನೆ ಸರ್. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಲೇಬರ್ ಕಾರ್ಡ್ ಸಿಗುತ್ತದೆ, ಚಿಕಿತ್ಸೆಗೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ನೆರವಿದೆ. ಮನೆ ಕಟ್ಟುವಾಗ ನಾವು ಕಟ್ಟುವ 1% ಸೆಸ್ ಹೋಗುವುದು ಅಲ್ಲಿಗೇ. ಇವನಿಗೆ ಕಾರ್ಡ್ ಯಾರೂ ಮಾಡಿಸಿಲ್ಲ. ಮೇಸ್ತ್ರಿ ಈ ಗುಂಪಲ್ಲಿಲ್ಲ, ಬಿಲ್ಡರ್ ಇದ್ದಾರೆ. ಬಿಲ್ಡರ್ ಸರ್, ಓದ್ತಿದ್ದೀರಲ್ಲ? ನಾಳೆ 10 ಗಂಟೆಗೆ ಜಯದೇವಕ್ಕೆ ಹೊರಡ್ತೀವಿ. ನಿಮ್ಮ ಕಾರ್ ಕಳಿಸಿ, ಜೊತೆಗೆ ನೀವೂ ಬನ್ನಿ.